ಹಾಲಿನ ಲೆಕ್ಕ ಬೇರೆ, ಕರುವಿನ ಲೆಕ್ಕ ಬೇರೆ: ಒಂದು ಪಟ್ಟೆಮೀನಿನ ಕಥೆ

ಇವತ್ತು ಎಷ್ಟು ಲೀಟರ್ ಹಾಲು ಹಾಕಿದೆವು ಅಂತ ಡೇರಿ ಪುಸ್ತಕ ಹೇಳುತ್ತದೆ. ಆದರೆ ಇನ್ನು ಐದು ವರ್ಷದ ಮೇಲೆ ನಮ್ಮ ಮನೆಯಲ್ಲಿ ಹಾಲು ಇರುತ್ತದೋ ಇಲ್ಲವೋ ಅಂತ ಆ ಪುಸ್ತಕ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಕೊಟ್ಟಿಗೆಗೆ ಹೋಗಿ ಹೆಣ್ಣುಗರು ಎಷ್ಟಿವೆ ಅಂತ ಎಣಿಸಬೇಕು.

ದನದ ವಿಷಯದಲ್ಲಿ ಇದು ಎಲ್ಲರಿಗೂ ಗೊತ್ತು. ಸಮುದ್ರದ ಮೀನಿನ ವಿಷಯದಲ್ಲಿ ಮಾತ್ರ ಮನುಷ್ಯ ಇದನ್ನು ಮತ್ತೆ ಮತ್ತೆ ಮರೆತಿದ್ದಾನೆ. ಬಲೆ ತುಂಬಿ ಬಂದರೆ ಮೀನು ಚೆನ್ನಾಗಿದೆ ಅಂತ ಅಂದುಕೊಳ್ಳುತ್ತಾನೆ. ಬಲೆ ಖಾಲಿ ಬಂದ ದಿನ ಗಾಬರಿಯಾಗುತ್ತಾನೆ. ಅಷ್ಟರಲ್ಲಿ ತಡವಾಗಿರುತ್ತದೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಒಂದು ಮೀನಿದೆ. ಹೆಸರು ಸ್ಟ್ರೈಪ್ಡ್ ಬಾಸ್. ಬೆಳ್ಳಿ ಬಣ್ಣದ ಮೈಮೇಲೆ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಪಟ್ಟೆ. ನಾವು ಪಟ್ಟೆಮೀನು ಅಂತಲೇ ಕರೆಯೋಣ. ಗಾಳ ಹಾಕುವ ಹವ್ಯಾಸದವರಿಗೆ ಅಲ್ಲಿ ಇದಕ್ಕಿಂತ ದೊಡ್ಡ ಮೀನಿಲ್ಲ ಅನ್ನುವಷ್ಟು ಪ್ರೀತಿ. 2011ರಲ್ಲಿ ಗಾಳಕ್ಕೆ ಬಿದ್ದ ದಾಖಲೆಯ ಮೀನು 37 ಕಿಲೋ ತೂಗಿತ್ತು. ಮೇರಿಲ್ಯಾಂಡ್ ರಾಜ್ಯಕ್ಕೆ ಇದು 1965ರಿಂದ ರಾಜ್ಯಮೀನು.

ಈ ಮೀನು ಒಮ್ಮೆ ಮುಗಿದೇ ಹೋಯಿತು ಅನ್ನುವ ಸ್ಥಿತಿಗೆ ಬಂದು, ಉಳಿದುಕೊಂಡಿತು. ಉಳಿದದ್ದು ಹೇಗೆ ಅನ್ನುವುದು ಲೆಕ್ಕ ಇಡುವ ಕಥೆ.

ಗೊಬ್ಬರಕ್ಕೆ ಹಾಕಬೇಡಿ

ಪಟ್ಟೆಮೀನು ಬದುಕುವುದು ಸಮುದ್ರದಲ್ಲಿ, ಮೊಟ್ಟೆ ಇಡುವುದು ನದಿಯಲ್ಲಿ. ವಸಂತ ಬಂದಾಗ ಸಮುದ್ರದಿಂದ ಸಿಹಿನೀರಿಗೆ ಹತ್ತಿ ಬರುತ್ತದೆ. ದೊಡ್ಡ ಹೆಣ್ಣು ಒಂದೇ ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಬಿಡುತ್ತದೆ. ಮೊಟ್ಟೆ ಒಡೆಯಲು ಸುಮಾರು ಎರಡು ದಿನ ಬೇಕು. ಅಲ್ಲಿವರೆಗೆ ಅದು ಹರಿವ ನೀರಿನಲ್ಲಿ ತೇಲುತ್ತಿರಬೇಕು. ತಳಕ್ಕೆ ಕೂತು ಕೆಸರಿನಲ್ಲಿ ಹೂತರೆ ಸತ್ತುಹೋಗುತ್ತದೆ. ಅದಕ್ಕೇ ನದಿ ಚೆನ್ನಾಗಿ ಹರಿದ ವರ್ಷ ಮರಿ ಹೆಚ್ಚು, ಹರಿಯದ ವರ್ಷ ಕಡಿಮೆ.

ನ್ಯೂಯಾರ್ಕ್ ಪಕ್ಕದ ಹಡ್ಸನ್ ನದಿ, ಡೆಲವೇರ್ ನದಿಗಳಲ್ಲೂ ಇದು ಮೊಟ್ಟೆ ಇಡುತ್ತದೆ. ಆದರೆ ಇದರ ದೊಡ್ಡ ತವರುಮನೆ ಚೆಸಪೀಕ್ ಕೊಲ್ಲಿ. ಸುಮಾರು 320 ಕಿಲೋಮೀಟರ್ ಉದ್ದದ ಈ ಕೊಲ್ಲಿಗೆ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳ ನದಿಗಳು ಬಂದು ಸೇರುತ್ತವೆ. ಇಲ್ಲಿ ಹುಟ್ಟಿದ ಮರಿಗಳು ಕೆಲವು ವರ್ಷ ಇಲ್ಲೇ ಬೆಳೆದು, ಆಮೇಲೆ ಕಡಲಿಗೆ ಇಳಿದು ಉತ್ತರದ ಮೇನ್ ರಾಜ್ಯದವರೆಗೂ ಈಜುತ್ತವೆ. ಕಡಲ ಉದ್ದಕ್ಕೂ ಹಿಡಿಯುವ ಪಟ್ಟೆಮೀನಿನಲ್ಲಿ ಹೆಚ್ಚು ಪಾಲು ಈ ಕೊಲ್ಲಿಯಲ್ಲೇ ಹುಟ್ಟಿದ್ದು. ಅಂದರೆ ಹೆರಿಗೆ ಒಂದು ರಾಜ್ಯದಲ್ಲಿ, ಊಟ ಹತ್ತಾರು ರಾಜ್ಯಕ್ಕೆ. ಮುಂದೆ ಬಂದ ಜಗಳದ ಬೇರು ಇಲ್ಲೇ ಇದೆ.

ಯುರೋಪಿನಿಂದ ಬಂದು ನೆಲೆಸಿದವರಿಗೆ ಈ ಮೀನು ಎಷ್ಟು ಸಿಕ್ಕಿತೆಂದರೆ, ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. 1639ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಸಭೆ, ಕಾಡ್ ಮೀನನ್ನೂ ಈ ಮೀನನ್ನೂ ಗೊಬ್ಬರಕ್ಕೆ ಬಳಸಕೂಡದು ಅಂತ ಆಜ್ಞೆ ಹೊರಡಿಸಿತು. ಆ ದೇಶದಲ್ಲಿ ಮೀನು ಉಳಿಸಲು ಮಾಡಿದ ಮೊದಮೊದಲ ಕಾನೂನುಗಳಲ್ಲಿ ಇದೂ ಒಂದು. 1670ರಲ್ಲಿ ಪಕ್ಕದ ಪ್ಲಿಮತ್ ವಸಾಹತು, ಕೇಪ್ ಕಾಡ್‌ನ ಮೀನುಗಾರಿಕೆಯಿಂದ ಬಂದ ಹಣದಲ್ಲಿ ಒಂದು ಉಚಿತ ಶಾಲೆ ನಡೆಸಲು ತೀರ್ಮಾನಿಸಿತು. ಆ ಹಣದಲ್ಲಿ ಪಟ್ಟೆಮೀನಿನ ಪಾಲೂ ಇತ್ತು.

ಇನ್ನೊಂದು ಸಂಗತಿ ಕೇಳಿ. 1879ರಲ್ಲಿ ಪೂರ್ವದ ನ್ಯೂಜೆರ್ಸಿಯ ನದಿಯಲ್ಲಿ ಹಿಡಿದ ಮರಿಗಳನ್ನು ನೀರು ತುಂಬಿದ ಪೀಪಾಯಿಯಲ್ಲಿ ಹಾಕಿ, ರೈಲಿನಲ್ಲಿ ಇಡೀ ದೇಶ ದಾಟಿಸಿ, ಪಶ್ಚಿಮದ ಕ್ಯಾಲಿಫೋರ್ನಿಯಾಕ್ಕೆ ಒಯ್ದರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರಿಗೆ ಬಿಟ್ಟದ್ದು 132 ಮೀನು. 1882ರಲ್ಲಿ ಇನ್ನೊಂದು ಸುಮಾರು 300. ಅಷ್ಟೇ. ಹತ್ತು ವರ್ಷದೊಳಗೆ ಸ್ಯಾನ್ ಫ್ರಾನ್ಸಿಸ್ಕೋ ಮಾರುಕಟ್ಟೆಯಲ್ಲಿ ಪಟ್ಟೆಮೀನು ಮಾರಾಟಕ್ಕೆ ಬಂತು.

ಇಷ್ಟು ಬೇಗ ಹೆಚ್ಚುವ ಮೀನು ಮುಗಿಯುವುದುಂಟೇ ಅಂತ ಜನ ನಂಬಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೈಬಲೆ ಎಳೆದು ಮರಿ ಎಣಿಸುವವರು

1954ರಲ್ಲಿ ಮೇರಿಲ್ಯಾಂಡ್ ರಾಜ್ಯದ ಮೀನುಗಾರಿಕೆ ವಿಜ್ಞಾನಿಗಳು ಒಂದು ಸರಳ ಕೆಲಸ ಶುರು ಮಾಡಿದರು. ಅದು ಇವತ್ತಿಗೂ ನಿಂತಿಲ್ಲ.

ನಮ್ಮ ಕರಾವಳಿಯಲ್ಲಿ ಕೈರಂಪಣಿ ಎಳೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 100 ಅಡಿ ಉದ್ದ, 4 ಅಡಿ ಎತ್ತರದ ಸಣ್ಣ ಕಣ್ಣಿನ ಬಲೆ. ಒಂದು ತುದಿಯನ್ನು ದಡದಲ್ಲಿ ಹಿಡಿಯುತ್ತಾರೆ. ಇನ್ನೊಂದು ತುದಿಯನ್ನು ನೀರಿನೊಳಗೆ ಒಯ್ದು, ಸುತ್ತು ಹಾಕಿ ದಡಕ್ಕೆ ತರುತ್ತಾರೆ. ಬಲೆಗೆ ಬಂದ ಮೀನುಗಳಲ್ಲಿ ಆ ವರ್ಷವೇ ಹುಟ್ಟಿದ ಪಟ್ಟೆಮೀನಿನ ಮರಿಗಳನ್ನು ಒಂದೊಂದಾಗಿ ಎಣಿಸಿ, ಬರೆದು, ನೀರಿಗೆ ವಾಪಸು ಬಿಡುತ್ತಾರೆ. ಬೆರಳುದ್ದದ ಮರಿಗಳು.

ಈಗ ಇದು 22 ಗೊತ್ತಾದ ಜಾಗಗಳಲ್ಲಿ ನಡೆಯುತ್ತದೆ. ಕೊಲ್ಲಿಯ ತಲೆಭಾಗ, ಪೊಟೋಮ್ಯಾಕ್ ನದಿ, ಚಾಪ್ಟ್ಯಾಂಕ್ ನದಿ, ನ್ಯಾಂಟಿಕೋಕ್ ನದಿ. ಜುಲೈ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಒಂದೊಂದು ಸುತ್ತು, ಪ್ರತಿ ಜಾಗದಲ್ಲಿ ಎರಡು ಸಲ ಬಲೆ. ಒಟ್ಟು 132 ಎಳೆತ. ಸಿಕ್ಕ ಮರಿಗಳನ್ನು ಎಳೆತದ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಒಂದು ಎಳೆತಕ್ಕೆ ಎಷ್ಟು ಮರಿ ಅನ್ನುವ ಸರಾಸರಿ. ಇಷ್ಟು ವರ್ಷಗಳ ಒಟ್ಟಾರೆ ಸರಾಸರಿ ಸುಮಾರು 11.

ಕೊಲ್ಲಿಯಲ್ಲಿ ಒಟ್ಟು ಎಷ್ಟು ಮರಿ ಇವೆ ಅಂತ ಈ ಅಂಕಿ ಹೇಳುವುದಿಲ್ಲ. ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಅಂತ ಹೇಳುತ್ತದೆ. ಅದೇ ಜಾಗ, ಅದೇ ಬಲೆ, ಅದೇ ತಿಂಗಳು ಆಗಿರುವುದರಿಂದ ಆ ಮಾತಿಗೆ ಬೆಲೆ ಬರುತ್ತದೆ. ಊರಿನ ಬಾವಿಯ ನೀರನ್ನು ಪ್ರತಿ ವರ್ಷ ಒಂದೇ ತಿಂಗಳಲ್ಲಿ ಅದೇ ಹಗ್ಗ ಇಳಿಸಿ ಅಳೆದ ಹಾಗೆ.

ದಾಖಲೆಯ ಹಿಡಿತ, ಖಾಲಿ ಕೊಟ್ಟಿಗೆ

1970ರಲ್ಲಿ ಮರಿ ಅಂಕಿ 30.5 ಬಂತು. ಭರ್ಜರಿ ವರ್ಷ. ಆ ಮರಿಗಳು ಬೆಳೆದವು. 1973ರಲ್ಲಿ ಅಟ್ಲಾಂಟಿಕ್ ಕರಾವಳಿಯ ಮೀನುಗಾರರು 6,500 ಟನ್‌ಗೂ ಹೆಚ್ಚು ಪಟ್ಟೆಮೀನು ಹಿಡಿದರು. ಅಷ್ಟು ಹಿಂದೆಂದೂ ಹಿಡಿದಿರಲಿಲ್ಲ. ಬಂದರಿನಲ್ಲಿ ನಿಂತವರಿಗೆ ಎಲ್ಲ ಚೆನ್ನಾಗಿದೆ ಅನ್ನಿಸಿದ್ದರೆ ತಪ್ಪೇನಿಲ್ಲ.

ಆದರೆ ಅವರು ಕರೆಯುತ್ತಿದ್ದದ್ದು 1970ರ ಒಂದೇ ಹೆರಿಗೆಯ ಹಾಲು. ಅದರ ಹಿಂದೆ ಅಂಥ ಇನ್ನೊಂದು ಹೆರಿಗೆ ಬರಲೇ ಇಲ್ಲ. 1976, 1977ರಲ್ಲಿ ಮರಿ ಅಂಕಿ 5ಕ್ಕಿಂತ ಕೆಳಗೆ ಇಳಿಯಿತು. 1981ರಲ್ಲಿ 1.2. ಬಲೆ ಎಳೆದರೆ ಸರಾಸರಿ ಒಂದೇ ಒಂದು ಮರಿ. 1983ರ ಹೊತ್ತಿಗೆ ಮೀನುಗಾರರ ಹಿಡಿತ ಹತ್ತು ವರ್ಷದ ಹಿಂದಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿತ್ತು.

ಕಾರಣ ಏನು ಅನ್ನುವುದಕ್ಕೆ ದೊಡ್ಡ ವಾದ ನಡೆಯಿತು. ಕೆಲವರು ನದಿ ನೀರು ಕೆಟ್ಟಿದೆ ಅಂದರು. ಆಮ್ಲ ಮಳೆ, ಕಾರ್ಖಾನೆಯ ಲೋಹ, ಹೊಲದಿಂದ ಹರಿದು ಬರುವ ವಿಷ ಅಂದರು. ಅದರಲ್ಲಿ ಸುಳ್ಳಿರಲಿಲ್ಲ, ಕೊಲ್ಲಿಯ ನೀರು ನಿಜವಾಗಿಯೂ ಕೆಟ್ಟಿತ್ತು. ಇನ್ನು ಕೆಲವರು ಅತಿಯಾಗಿ ಹಿಡಿದದ್ದೇ ಕಾರಣ ಅಂದರು. ಮೇರಿಲ್ಯಾಂಡ್‌ನಲ್ಲಿ ಆಗ 12 ಇಂಚಿನ ಮೀನನ್ನೂ ಹಿಡಿಯಬಹುದಿತ್ತು. ಆ ಅಳತೆಯ ಹೆಣ್ಣು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ. ಪಟ್ಟೆಮೀನಿನ ಹೆಣ್ಣು ಬೆದೆಗೆ ಬರಲು ಐದರಿಂದ ಎಂಟು ವರ್ಷ ಬೇಕು.

ನೀರು ಸರಿಪಡಿಸಲು ಹತ್ತಾರು ವರ್ಷ ಬೇಕು. ಹಿಡಿಯುವುದನ್ನು ನಾಳೆಯೇ ನಿಲ್ಲಿಸಬಹುದು. ಕೊನೆಗೆ ವಾದ ಅಲ್ಲಿಗೆ ಬಂದು ನಿಂತಿತು.

ಒಂದೇ ವರ್ಷದ ಮಕ್ಕಳನ್ನು ಕಾಯ್ದ ಕಥೆ

1979ರಲ್ಲಿ ಅಮೆರಿಕದ ಸಂಸತ್ತು ಈ ಮೀನಿನ ಬಗ್ಗೆ ತುರ್ತು ಅಧ್ಯಯನಕ್ಕೆ ಆದೇಶ ಕೊಟ್ಟಿತು. 1981ರಲ್ಲಿ ಕರಾವಳಿ ರಾಜ್ಯಗಳ ಜಂಟಿ ಆಯೋಗ ಮೊದಲ ಯೋಜನೆ ಮಾಡಿತು. ಆದರೆ ಯೋಜನೆ ಪಾಲಿಸಲೇಬೇಕು ಅನ್ನುವ ಬಲ ಆಯೋಗಕ್ಕಿರಲಿಲ್ಲ. ಒಂದು ರಾಜ್ಯ ಬಿಟ್ಟ ಮೀನನ್ನು ಪಕ್ಕದ ರಾಜ್ಯ ಹಿಡಿಯುವುದಾದರೆ ಬಿಡುವವರು ಯಾರು? 1984ರ ಕಾನೂನು ಆ ಬಲ ಕೊಟ್ಟಿತು. ಯಾವ ರಾಜ್ಯ ನಿಯಮ ಪಾಲಿಸುವುದಿಲ್ಲವೋ ಆ ರಾಜ್ಯದಲ್ಲಿ ಪಟ್ಟೆಮೀನು ಹಿಡಿಯುವುದನ್ನೇ ಕೇಂದ್ರ ಸರ್ಕಾರ ನಿಲ್ಲಿಸಬಹುದು.

1982ರಲ್ಲಿ ಮರಿ ಅಂಕಿ 8.4 ಬಂದಿತ್ತು. ಹಳೆಯ ಕಾಲಕ್ಕೆ ಹೋಲಿಸಿದರೆ ಸಾಧಾರಣ. ಆದರೆ ಅದರ ಹಿಂದಿನ ವರ್ಷ 1.2, ಮುಂದಿನ ವರ್ಷ 1.4. ಬರಗಾಲದ ನಡುವೆ ಬಂದ ಒಂದೇ ಬೆಳೆ. ಆ ಬೆಳೆಯನ್ನು ಬೀಜಕ್ಕೆ ಇಡಬೇಕು ಅಂತ ಆಯೋಗ ತೀರ್ಮಾನಿಸಿತು. 1982ರಲ್ಲಿ ಹುಟ್ಟಿದ ಹೆಣ್ಣುಗಳಲ್ಲಿ ನೂರಕ್ಕೆ 95ಕ್ಕೆ ಒಮ್ಮೆಯಾದರೂ ಮೊಟ್ಟೆ ಇಡುವ ಅವಕಾಶ ಸಿಗುವವರೆಗೆ ಅವನ್ನು ಮುಟ್ಟಬಾರದು. ಅವು ಬೆಳೆದಂತೆ, ಹಿಡಿಯಬಹುದಾದ ಮೀನಿನ ಕನಿಷ್ಠ ಅಳತೆಯನ್ನೂ ವರ್ಷ ವರ್ಷ ಏರಿಸುತ್ತ ಹೋದರು.

ಮೇರಿಲ್ಯಾಂಡ್ ಇನ್ನೂ ಮುಂದೆ ಹೋಯಿತು. 1985ರ ಜನವರಿ 1ರಿಂದ ಪಟ್ಟೆಮೀನು ಹಿಡಿಯುವುದನ್ನು ಪೂರ್ತಿ ನಿಷೇಧಿಸಿತು. ಬಲೆಯವರಿಗೂ ಗಾಳದವರಿಗೂ ಒಂದೇ ನಿಯಮ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ 61 ದಿನ ಯಾಂತ್ರಿಕ ದೋಣಿ ನಿಲ್ಲಿಸಿದರೇ ಮನೆಮನೆಯಲ್ಲಿ ಕೈ ಬಿಗಿಯಾಗುತ್ತದೆ. ಅಲ್ಲಿ ನಿಂತದ್ದು ದಿನವಲ್ಲ, ವರ್ಷಗಳು. ಎಷ್ಟು ವರ್ಷ ಅಂತ ಯಾರಿಗೂ ಗೊತ್ತಿರಲಿಲ್ಲ.

ಮತ್ತೆ ತೆರೆಯುವುದಕ್ಕೆ ಗುರುತು ಏನು? ಅದೂ ಮರಿ ಲೆಕ್ಕವೇ. ಸತತ ಮೂರು ವರ್ಷದ ಸರಾಸರಿ 8 ದಾಟಬೇಕು ಅಂತ ನಿಯಮ ಬರೆದರು. 1987ರಲ್ಲಿ 4.8 ಬಂತು, 1988ರಲ್ಲಿ 2.7. 1982ರ ಹೆಣ್ಣುಗಳು ತಾಯಿಯಾಗುವ ವಯಸ್ಸಿಗೆ ಬಂದ ಮೇಲೆ, 1989ರಲ್ಲಿ, ಅಂಕಿ 25.2ಕ್ಕೆ ಜಿಗಿಯಿತು. ಮೂರು ವರ್ಷದ ಸರಾಸರಿ 10.9 ಆಯಿತು. 1990ರಲ್ಲಿ ಬಿಗಿ ಮಿತಿಯೊಂದಿಗೆ ಮೀನುಗಾರಿಕೆ ಮತ್ತೆ ತೆರೆಯಿತು.

ಆಗಲೂ ಅನುಮಾನ ಪಟ್ಟವರಿದ್ದರು. ಆ ವರ್ಷದ ಅಂಕಿಯನ್ನು ಏರಿಸಿದ್ದು ಚಾಪ್ಟ್ಯಾಂಕ್ ನದಿಯ ಒಂದು ಜಾಗದಲ್ಲಿ ಸಿಕ್ಕ ಭಾರಿ ಎಳೆತಗಳು ಅಂದರು. ಪ್ರಶ್ನೆ ಸರಿಯಾದದ್ದೇ. ಹತ್ತು ಮನೆಯಲ್ಲಿ ಒಂದು ಮನೆ ಶ್ರೀಮಂತವಾದರೆ ಊರಿನ ಸರಾಸರಿ ಏರುತ್ತದೆ, ಊರು ಏರುವುದಿಲ್ಲ. ಆದರೆ 1993ರಲ್ಲಿ ಅಂಕಿ 39.8, 1996ರಲ್ಲಿ 59ಕ್ಕೂ ಹೆಚ್ಚು ಬಂದು ಆ ಅನುಮಾನ ತೀರಿತು. 1995ರಲ್ಲಿ ಪಟ್ಟೆಮೀನು ಚೇತರಿಸಿಕೊಂಡಿದೆ ಅಂತ ಅಧಿಕೃತವಾಗಿ ಘೋಷಿಸಿದರು. ಆ ವರ್ಷ ಕಡಲಲ್ಲಿದ್ದ ತಾಯಿಮೀನುಗಳ ಅಂದಾಜು ತೂಕವೇ ಮುಂದೆ ಅಪಾಯದ ಗೆರೆಯಾಯಿತು. ಅದಕ್ಕಿಂತ ಕೆಳಗೆ ಇಳಿಯಬಾರದು.

ಶಾಲೆಯ ಹಾಜರಿ ಪುಸ್ತಕದ ಹಾಗೆ

ಕಡಲೊಳಗಿನ ತಾಯಿಮೀನನ್ನು ಯಾರು ತೂಗಿದರು ಅಂತ ನೀವು ಕೇಳಬಹುದು. ಯಾರೂ ತೂಗಿಲ್ಲ. ಅದು ಲೆಕ್ಕದಿಂದ ಬಂದದ್ದು.

ಮೀನಿನ ಹುರುಪೆಯ ಮೇಲೆ, ತಲೆಯೊಳಗಿನ ಸಣ್ಣ ಕಲ್ಲಿನ ಮೇಲೆ, ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ ಬೀಳುತ್ತದೆ. ಉಂಗುರ ಎಣಿಸಿದರೆ ವಯಸ್ಸು ಸಿಗುತ್ತದೆ. ಹಿಡಿದ ಮೀನುಗಳಲ್ಲಿ ಯಾವ ವಯಸ್ಸಿನವು ಎಷ್ಟು ಅಂತ ಪ್ರತಿ ವರ್ಷ ಬರೆಯುತ್ತಾರೆ. ಒಂದನೇ ತರಗತಿಗೆ ಸೇರಿದ 60 ಮಕ್ಕಳಲ್ಲಿ ಹತ್ತನೇ ತರಗತಿಗೆ ಎಷ್ಟು ಜನ ಉಳಿದರು ಅಂತ ಹಾಜರಿ ಪುಸ್ತಕದಲ್ಲಿ ನೋಡಿದ ಹಾಗೆ. ಜೊತೆಗೆ, ಮೀನಿನ ಹೊಟ್ಟೆಗೆ ಗುರುತಿನ ದಾರ ಚುಚ್ಚಿ ಬಿಡುತ್ತಾರೆ. ಅದು ಸಿಕ್ಕವರು ಅದರ ಮೇಲಿನ ಫೋನ್ ನಂಬರಿಗೆ ತಿಳಿಸುತ್ತಾರೆ. ಎಲ್ಲಿ ಬಿಟ್ಟದ್ದು ಎಲ್ಲಿ ಸಿಕ್ಕಿತು, ಎಷ್ಟು ಸತ್ತವು ಎಂಬ ಅಂದಾಜು ಅದರಿಂದ ಬರುತ್ತದೆ. ಮರಿ ಲೆಕ್ಕ, ವಯಸ್ಸಿನ ಲೆಕ್ಕ, ಗುರುತಿನ ಲೆಕ್ಕ, ಹಿಡಿದದ್ದರ ಲೆಕ್ಕ. ನಾಲ್ಕನ್ನೂ ಸೇರಿಸಿ ನೋಡಿದರೆ ಮೀನಿನ ಆರೋಗ್ಯ ಕಾಣುತ್ತದೆ.

ಈ ನಾಲ್ಕರಲ್ಲಿ ಒಂದು ದೊಡ್ಡ ತಪ್ಪಿತ್ತು. ಅದು ಗೊತ್ತಾದದ್ದು 2018ರಲ್ಲಿ.

ಎತ್ತದ ಲ್ಯಾಂಡ್‌ಲೈನ್

ಪಟ್ಟೆಮೀನನ್ನು ಇವತ್ತು ಹೆಚ್ಚಾಗಿ ಸಾಯಿಸುವವರು ಬಲೆಯವರಲ್ಲ. ಹತ್ತರಲ್ಲಿ ಒಂಬತ್ತು ಪಾಲು ಗಾಳ ಹಾಕುವ ಹವ್ಯಾಸಿಗಳದು. ಬಂದರಿಗೆ ಬಂದ ದೋಣಿಯ ಮೀನನ್ನು ತೂಗಬಹುದು. ಆದರೆ ರಜೆಯ ದಿನ ಸೇತುವೆ ಮೇಲೆ, ಬಂಡೆ ಮೇಲೆ, ಸಣ್ಣ ದೋಣಿಯಲ್ಲಿ ಗಾಳ ಹಿಡಿದು ನಿಂತ ಲಕ್ಷಾಂತರ ಜನರ ಲೆಕ್ಕ ಇಡುವುದು ಹೇಗೆ?

ವರ್ಷಗಟ್ಟಲೆ ಕರಾವಳಿಯ ಮನೆಗಳಿಗೆ ಫೋನ್ ಮಾಡಿ, ಎರಡು ತಿಂಗಳಲ್ಲಿ ಎಷ್ಟು ಸಲ ಮೀನು ಹಿಡಿಯಲು ಹೋದಿರಿ ಅಂತ ಕೇಳುತ್ತಿದ್ದರು. ಮೊಬೈಲ್ ಬಂತು. ಜನ ಲ್ಯಾಂಡ್‌ಲೈನ್ ತೆಗೆಸಿದರು, ಇದ್ದವರೂ ಎತ್ತಲಿಲ್ಲ. ಲೆಕ್ಕ ಸಡಿಲವಾಯಿತು. ಕೊನೆಗೆ ಫೋನ್ ಬಿಟ್ಟು ಅಂಚೆಯಲ್ಲಿ ಪ್ರಶ್ನಪತ್ರ ಕಳಿಸಿದರು. ಮನೆಯವರು ಕೂತು ಯೋಚಿಸಿ ಉತ್ತರ ಬರೆದು ಕಳಿಸಿದಾಗ ಗೊತ್ತಾಯಿತು: ಹವ್ಯಾಸಿಗಳು ಹಿಡಿದ ಪಟ್ಟೆಮೀನು ಹಳೆಯ ಅಂದಾಜಿನ ಎರಡರಷ್ಟಕ್ಕೂ ಹೆಚ್ಚು.

ಇನ್ನೊಂದು ಸಂಗತಿಯೂ ಇತ್ತು. ಹವ್ಯಾಸಿಗಳಲ್ಲಿ ಹೆಚ್ಚಿನವರು ಹಿಡಿದ ಮೀನನ್ನು ವಾಪಸು ಬಿಡುತ್ತಾರೆ. ಬಿಟ್ಟೆವಲ್ಲ, ಪಾಪವಿಲ್ಲ ಅನ್ನುವ ಸಮಾಧಾನ. ಆದರೆ ಗಾಳ ನುಂಗಿದ್ದು, ಸೆಣಸಿ ದಣಿದದ್ದು, ಬಿಸಿ ನೀರಿನಲ್ಲಿ ಬಿಟ್ಟದ್ದು, ಹೀಗೆ ಕೆಲವು ಆಮೇಲೆ ಸಾಯುತ್ತವೆ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ನಡೆದ ಅಧ್ಯಯನದ ಆಧಾರದ ಮೇಲೆ, ಬಿಟ್ಟ 100ರಲ್ಲಿ 9 ಸಾಯುತ್ತವೆ ಅಂತ ಲೆಕ್ಕ ಹಿಡಿಯುತ್ತಾರೆ. ನೂರಕ್ಕೆ ಒಂಬತ್ತು ಸಣ್ಣದು ಅನ್ನಿಸುತ್ತದೆ. ಆದರೆ ಕೋಟಿಗಟ್ಟಲೆ ಬಿಟ್ಟಾಗ ಅದು ಸಣ್ಣದಲ್ಲ. 2017ರಲ್ಲಿ ಮನುಷ್ಯರಿಂದ ಸತ್ತ ಪಟ್ಟೆಮೀನುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು, ಹವ್ಯಾಸಿಗಳು ಬಿಟ್ಟ ಮೇಲೆ ಸತ್ತವು.

ಹೊಸ ಲೆಕ್ಕ ಸೇರಿಸಿ ಮತ್ತೆ ಕೂಡಿ ಕಳೆದು ನೋಡಿದರು. 2017ರಲ್ಲಿ ಕಡಲಲ್ಲಿದ್ದ ತಾಯಿಮೀನು ಸುಮಾರು 68,000 ಟನ್. ಅಪಾಯದ ಗೆರೆ 91,000 ಟನ್. ಮೀನು ಗೆರೆಯ ಕೆಳಗೆ ಹೋಗಿ ಆಗಲೇ ವರ್ಷಗಳಾಗಿದ್ದವು. ಹಿಂದಿನ ವರದಿಗಳು ಮಾತ್ರ ಪರವಾಗಿಲ್ಲ ಅನ್ನುತ್ತಿದ್ದವು.

ಲೆಕ್ಕ ಇಡುವವರೇ ತಮ್ಮ ಲೆಕ್ಕ ತಪ್ಪು ಅಂತ ಒಪ್ಪಿಕೊಂಡು ತಿದ್ದಿದ್ದು ಈ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುತ್ತದೆ. ಹವ್ಯಾಸಿಗಳಿಗೆ ಕೋಪ ಬಂತು. ತಪ್ಪು ಬಲೆಯವರದು ಅಂತ ವರ್ಷಗಟ್ಟಲೆ ಹೇಳಿದವರಿಗೆ, ದೊಡ್ಡ ಪಾಲು ನಿಮ್ಮದೇ ಅಂತ ಕಾಗದ ತೋರಿಸಿದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ? ಆದರೂ ನಿಯಮ ಬಂತು. 2020ರಿಂದ ಕಡಲಲ್ಲಿ 28ರಿಂದ 35 ಇಂಚಿನೊಳಗಿನ ಒಂದು ಮೀನು ಮಾತ್ರ. 2023ರಲ್ಲಿ ಅದು 31 ಇಂಚಿಗೆ ಇಳಿಯಿತು. ಸಣ್ಣದನ್ನೂ ಬಿಡಬೇಕು, ದೊಡ್ಡ ತಾಯಿಯನ್ನೂ ಬಿಡಬೇಕು. 2029ರೊಳಗೆ ಮೀನನ್ನು ಮತ್ತೆ ಸುರಕ್ಷಿತ ಮಟ್ಟಕ್ಕೆ ತರಬೇಕು ಅಂತ ಗುರಿ ಇಟ್ಟುಕೊಂಡಿದ್ದಾರೆ.

ಮತ್ತೆ ಅದೇ ಅಂಕಿ

ಈಗ ದಡದ ಆ 100 ಅಡಿ ಬಲೆಗೆ ವಾಪಸು ಬರೋಣ. 2015ರಲ್ಲಿ 24.2 ಬಂದಿತ್ತು. 2019ರಿಂದ 2025ರವರೆಗೆ ಏಳು ವರ್ಷ ಒಂದು ಸಲವೂ ಸರಾಸರಿ ಮುಟ್ಟಿಲ್ಲ. 2023ರಲ್ಲಿ 1.0, 2024ರಲ್ಲಿ 2.0, 2025ರಲ್ಲಿ 4.0. ಎಪ್ಪತ್ತು ವರ್ಷದ ಪುಸ್ತಕದಲ್ಲಿ ಇದಕ್ಕೆ ಹೋಲಿಕೆ ಇರುವುದು 1980ರ ಆಸುಪಾಸಿನ ಪುಟಗಳಲ್ಲಿ.

ಈ ಸಲ ತಾಯಿಮೀನು ಆಗಿನಷ್ಟು ಕಡಿಮೆಯಾಗಿಲ್ಲ. ಬೆಚ್ಚಗಿನ ಚಳಿಗಾಲ, ವಸಂತದಲ್ಲಿ ನದಿಗಳಲ್ಲಿ ಕಡಿಮೆ ಹರಿವು, ಇವೇ ಮುಖ್ಯ ಕಾರಣ ಅಂತ ವಿಜ್ಞಾನಿಗಳು ಹೇಳುತ್ತಾರೆ. ಹಿಡಿಯುವುದನ್ನು ನಿಷೇಧಿಸಬಹುದು, ಬಿಸಿಲನ್ನು ನಿಷೇಧಿಸಲಾಗದು. ಆದರೆ ಮರಿ ಬಾರದ ವರ್ಷಗಳಲ್ಲಿ ಇರುವ ತಾಯಿಯೇ ಆಸ್ತಿ. ಒಂದು ಒಳ್ಳೆಯ ವಸಂತ ಬಂದ ದಿನ ಮೊಟ್ಟೆ ಇಡಲು ಅವು ನದಿಯಲ್ಲಿ ಇರಬೇಕು. 1982ರ ಪಾಠ ಅದೇ ಆಗಿತ್ತು.

ಇವತ್ತಿಗೂ ಆ ಕರಾವಳಿಯಲ್ಲಿ ದೊಡ್ಡ ದೊಡ್ಡ ಪಟ್ಟೆಮೀನು ಗಾಳಕ್ಕೆ ಬೀಳುತ್ತವೆ. ಹಿಡಿದವರು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೀನಿಗೇನಾಗಿದೆ, ಚೆನ್ನಾಗಿಯೇ ಇದೆಯಲ್ಲ ಅನ್ನುವವರೂ ಇದ್ದಾರೆ. 1973ರಲ್ಲೂ ಮೀನು ಹೀಗೇ ಸಿಗುತ್ತಿತ್ತು.

ಬರುವ ಜುಲೈನಲ್ಲಿ ಮತ್ತೆ ಅದೇ 22 ಜಾಗಗಳಿಗೆ ಅದೇ ಅಳತೆಯ ಬಲೆ ಹೊತ್ತು ಹೋಗುತ್ತಾರೆ. ಎಳೆದು, ಎಣಿಸಿ, ಬರೆದು, ಮರಿಗಳನ್ನು ನೀರಿಗೆ ಬಿಡುತ್ತಾರೆ. ನಮ್ಮ ಊರಿನ ಕೆರೆಗೋ ಹೊಳೆಗೋ ಕಡಲಿಗೋ ಇಂಥದೊಂದು ಪುಸ್ತಕ ಯಾರಾದರೂ ಇಟ್ಟಿದ್ದಾರಾ? ನಿಮಗೆ ಗೊತ್ತಿದ್ದರೆ ನಮಗೂ ತಿಳಿಸಿ.